ಗಣಿ ದಿಬ್ಬದ ಪಕ್ಕದ ನೆಲದಲ್ಲಿ ಗಿಡ ಹಿಡಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಪ್ರತಿ ಜೂನ್‌ನಲ್ಲೂ ಇದೇ ನಡೆಯುತ್ತದೆ. ಗಣಿ ದಿಬ್ಬದ ಬುಡದಲ್ಲಿ ಗುಂಡಿ ತೋಡುತ್ತಾರೆ, ನರ್ಸರಿಯಿಂದ ತಂದ ಸಸಿ ನೆಡುತ್ತಾರೆ. ಎರಡು ತಿಂಗಳು ಎಲೆ ನಳನಳಿಸುತ್ತದೆ. ಡಿಸೆಂಬರ್‌ಗೆ ತುದಿ ಒಣಗುತ್ತದೆ. ಮಾರ್ಚ್‌ಗೆ ಕಡ್ಡಿ ಮಾತ್ರ ಉಳಿದಿರುತ್ತದೆ. ಮರುವರ್ಷ ಅದೇ ಗುಂಡಿಗೆ ಹೊಸ ಸಸಿ.

"ನೀರು ಹಾಕಲಿಲ್ಲ, ಅದಕ್ಕೇ ಹೋಯ್ತು" ಎನ್ನುತ್ತಾರೆ. ಬಹಳ ಸಲ ಕಾರಣ ಅದಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಇಂಥ ನೆಲದಲ್ಲಿ ಮರ ಕೊನೆಗೆ ಬರಬೇಕು. ಮೊದಲು ನೀರಿನ ದಾರಿ, ಆಮೇಲೆ ಮಣ್ಣಿನ ಹದ, ಆಮೇಲೆ ಹುಲ್ಲು, ಅದಾದ ಮೇಲೆ ಮರ.

ಕೆಜಿಎಫ್‌ನ ಸೈನೈಡ್ ದಿಬ್ಬಗಳ ಪಕ್ಕದ ಹೊಲ, ಕೆರೆಯಂಚು, ಖಾಲಿ ಜಾಗಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಅಲ್ಲಿ ಗಣಿ 2001ರಲ್ಲಿ ಮುಚ್ಚಿತು, ಆದರೆ ಅದಿರು ಅರೆದು ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಮೂರು ಕೋಟಿ ಟನ್‌ಗೂ ಜಾಸ್ತಿ ಹಾಗೇ ಬಿದ್ದಿದೆ. ಬೇಸಿಗೆ ಗಾಳಿಗೆ ಅದು ಮನೆಯೊಳಗೂ ಬರುತ್ತದೆ, ಮಳೆಗೆ ಹೊಲಕ್ಕೂ ಇಳಿಯುತ್ತದೆ. ಸಂಡೂರು, ಇಂಗಳದಾಳ್, ಬೈರಾಪುರದಂಥ ಬೇರೆ ಗಣಿಗಳ ಕಡೆಯವರು ಏನು ಬದಲಿಸಿಕೊಳ್ಳಬೇಕು ಎಂಬುದು ಕೊನೆಯಲ್ಲಿದೆ.

ಮೊದಲು ಒಂದು ಲೆಕ್ಕ

"ಸಾಸಿವೆ ಹಾಕಿದರೆ ವಿಷ ಎಲ್ಲ ಹೀರಿಕೊಳ್ಳುತ್ತಂತೆ, ಹೌದಾ?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ವಿಷ ಎಂದರೆ ಪುಡಿಯಲ್ಲಿರುವ ಸೀಸ, ಆರ್ಸೆನಿಕ್‌ನಂಥ ಲೋಹ. ಹೀರಿಕೊಳ್ಳುತ್ತದೆ, ನಿಜ. ಎಷ್ಟು ಹೀರುತ್ತದೆ ಎಂದು ಕೂಡಿಸಿ ನೋಡೋಣ.

ಒಂದು ಎಕರೆಯ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 1050 ಟನ್ ತೂಗುತ್ತದೆ. ಅದರಲ್ಲಿ ಕಿಲೋಗೆ 300 ಮಿ.ಗ್ರಾಂ ಸೀಸ ಇದೆ, ಅದನ್ನು 100ಕ್ಕೆ ಇಳಿಸಬೇಕು ಎಂದುಕೊಳ್ಳಿ. ತೆಗೆಯಬೇಕಾದ ಸೀಸ 210 ಕಿಲೋ. ಎಕರೆಗೆ 3 ಟನ್ ಒಣ ಸಾಸಿವೆ ಗಿಡ ಬಂತು, ಅದರ ಪ್ರತಿ ಕಿಲೋದಲ್ಲಿ 200 ಮಿ.ಗ್ರಾಂ ಸೀಸ ಸೇರಿತು ಎಂದು ಧಾರಾಳವಾಗಿ ಹಿಡಿಯೋಣ. ಒಂದು ಬೆಳೆಗೆ ಹೊರಬರುವುದು 600 ಗ್ರಾಂ. ಅಂದರೆ 350 ಬೆಳೆ ಬೇಕು. ವರ್ಷಕ್ಕೆ ಎರಡು ಬೆಳೆ ತೆಗೆದರೂ 175 ವರ್ಷ!

ಆರ್ಸೆನಿಕ್ ಹೀರುವ ಜರಿಗಿಡವೊಂದಿದೆ, ಪ್ಟೆರಿಸ್ ವಿಟ್ಟಾಟಾ. ನಮ್ಮ ಹಳೇ ಗೋಡೆ, ಬಾವಿಗಳ ಸಂದಿಯಲ್ಲಿ ಅದು ತಾನಾಗಿ ಬೆಳೆಯುತ್ತದೆ. ಹೀರುವುದರಲ್ಲಿ ಅದು ನಿಜಕ್ಕೂ ಗಟ್ಟಿಗ. ಆದರೆ ಅದಕ್ಕೆ ತೇವ ಬೇಕು, ಸ್ವಲ್ಪ ನೆರಳು ಬೇಕು. ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಬಯಲ ಪುಡಿಯ ಮೇಲೆ ಅದು ನಿಲ್ಲುವುದಿಲ್ಲ. ನಿಂತರೂ ವಿಷ ತುಂಬಿದ ಎಲೆಯನ್ನು ಎಲ್ಲಿ ಹಾಕುತ್ತೀರಿ?

ಆದ್ದರಿಂದ ನಾವು ಗಿಡಕ್ಕೆ ಕೊಡುವ ಕೆಲಸವೇ ಬೇರೆ. ಲೋಹವನ್ನು ಬೇರಿನ ಬಳಿಯೇ ಕಟ್ಟಿಹಾಕಬೇಕು. ದೂಳು ಏಳಬಾರದು, ಮಣ್ಣು ಕೊಚ್ಚಿಹೋಗಬಾರದು, ಲೋಹ ಎಲೆಗೆ ಏರಬಾರದು. ಈ ಕೆಲಸಕ್ಕೆ 175 ವರ್ಷ ಬೇಡ, ಮೂರರಿಂದ ಐದು ವರ್ಷದಲ್ಲಿ ಫಲ ಕಾಣುತ್ತದೆ. ಗಿಡ ಆರಿಸುವಾಗಲೂ "ಜಾಸ್ತಿ ಹೀರುವುದು ಯಾವುದು" ಎಂದು ಕೇಳಬೇಡಿ. "ಎಲೆಗೆ ಏರಿಸದೆ ಬದುಕುವುದು ಯಾವುದು" ಎಂದು ಕೇಳಿ.

ಬೇಕಾದ ಸಾಮಾನು

ಗುದ್ದಲಿ, ಹಾರೆ, ಪಿಕಾಸಿ, ಬಾಂಡ್ಲಿ. ಮಣ್ಣಿನ ಹುಳಿ, ಕ್ಷಾರ ಅಳೆಯಲು ಪಿಎಚ್ ಕಾಗದ ಅಥವಾ ಚಿಕ್ಕ ಪಿಎಚ್ ಮೀಟರ್. ಮಣ್ಣಿನ ಮಾದರಿಗೆ ಹೊಸ ಪ್ಲಾಸ್ಟಿಕ್ ಚೀಲ, ಮರದ ಅಥವಾ ಪ್ಲಾಸ್ಟಿಕ್ ಕರಣೆ. ಸಮಮಟ್ಟದ ಗೆರೆ ಗುರುತಿಸಲು ಮೂರು ಕೋಲು ಕಟ್ಟಿದ ಚೌಕಟ್ಟು, ಅದರ ತುದಿಯಿಂದ ದಾರದಲ್ಲಿ ಇಳಿಬಿಟ್ಟ ಕಲ್ಲು. ಜಲಾನಯನ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು.

ಮೈಗೆ ಬೇಕಾದದ್ದು ಇನ್ನೂ ಮುಖ್ಯ. ರಬ್ಬರ್ ಕೈಗವಸು, ಗಂಬೂಟು, ಎನ್95 ಮಾಸ್ಕ್. ಕರ್ಚೀಫು ಕಟ್ಟಿಕೊಂಡರೆ ಸಾಲದು. ಕೆಜಿಎಫ್‌ನ ಪುಡಿ ಬೆಣಚುಕಲ್ಲನ್ನು ಹಿಟ್ಟಿನ ಹಾಗೆ ಅರೆದದ್ದು. ಆ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಗಣಿಯೊಳಗೆ ದುಡಿದವರ ಮನೆಗಳಲ್ಲಿ ಆ ಕೆಮ್ಮನ್ನು ಕೇಳದವರು ಕಡಿಮೆ. ಒಣಗಾಳಿ ಇರುವ ದಿನ ಅಗೆಯಬೇಡಿ. ನೆಲ ನೆನೆಸಿಯೇ ಅಗೆಯಿರಿ. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಲೇಬೇಡಿ.

ಹಂತ 1: ನೆಲ ಯಾರದ್ದು, ಕಸ ಯಾವುದು?

ದಿಬ್ಬದ ಮೇಲೆಯೇ ಗಿಡ ನೆಡಲು ಹೊರಡಬೇಡಿ. ಅದು ನಿಮ್ಮ ನೆಲವಲ್ಲ. 2024ರಲ್ಲಿ ರಾಜ್ಯ ಸರ್ಕಾರ 13 ದಿಬ್ಬಗಳ, ಸುಮಾರು 1003 ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಇವತ್ತು ನೆಟ್ಟದ್ದು ನಾಳೆ ಯಂತ್ರದ ಬಾಯಿಗೆ ಹೋಗಬಹುದು. ನಿಮ್ಮ ಪಹಣಿಯಲ್ಲಿರುವ ಜಮೀನು, ಪಂಚಾಯಿತಿ ಅಥವಾ ನಗರಸಭೆ ಬರಹದಲ್ಲಿ ಒಪ್ಪಿಗೆ ಕೊಟ್ಟ ಜಾಗ, ಇಷ್ಟರಲ್ಲೇ ಕೆಲಸ ಮಾಡಿ. ಕೆರೆಯಂಚಾದರೆ ಸರ್ವೆ ಮಾಡಿಸಿ ಗಡಿ ಗೊತ್ತುಮಾಡಿಕೊಳ್ಳಿ.

ಇನ್ನು ಕಸದ ಗುಣ. ಹೆಸರು ಸೈನೈಡ್ ದಿಬ್ಬ, ಹಾಗಾಗಿ ಎಲ್ಲರ ಭಯ ಸೈನೈಡ್ ಮೇಲೆ. ಮೇಲ್ಪದರದ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಆಳದಲ್ಲಿ, ಕಬ್ಬಿಣದ ಜೊತೆ ಸೇರಿಕೊಂಡ ರೂಪದಲ್ಲಿ, ಅದು ಬಹಳ ಕಾಲ ಉಳಿಯಬಹುದು. ಆರ್ಸೆನಿಕ್, ಸೀಸದಂಥ ಲೋಹಗಳ ಕಥೆ ಹಾಗಲ್ಲ. ಅವು ಒಡೆಯುವುದೇ ಇಲ್ಲ. ನೂರು ವರ್ಷ ಬಿಟ್ಟರೂ ಇದ್ದಲ್ಲೇ ಇರುತ್ತವೆ, ಅಥವಾ ನೀರಿನ ಜೊತೆ ಜಾಗ ಬದಲಿಸುತ್ತವೆ.

ಹಂತ 2: ಜೋರು ಮಳೆಯಲ್ಲಿ ಒಮ್ಮೆ ನಡೆದು ನೋಡಿ

ಇದಕ್ಕೆ ಖರ್ಚಿಲ್ಲ, ಆದರೆ ಹೆಚ್ಚಿನವರು ಮಾಡುವುದಿಲ್ಲ. ಮಳೆ ಸುರಿಯುವಾಗ ಕೊಡೆ ಹಿಡಿದು ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ? ಎಲ್ಲಿ ನಿಲ್ಲುತ್ತದೆ? ಎಲ್ಲಿ ಕೊರಕಲು ಬಿದ್ದಿದೆ? ಕಾಗದದ ಮೇಲೆ ಒರಟು ನಕ್ಷೆ ಬರೆದುಕೊಳ್ಳಿ.

ಮಳೆ ನಿಂತು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಮತ್ತೆ ಹೋಗಿ. ಬಿಳಿ ಪೊರೆ ಎದ್ದ ಜಾಗದಲ್ಲಿ ಉಪ್ಪು ಜಾಸ್ತಿ. ಕಿತ್ತಳೆ ಅಥವಾ ತುಕ್ಕಿನ ಬಣ್ಣದ ಕಲೆ ಇದ್ದರೆ ಗಂಧಕದ ಅದಿರು ಗಾಳಿ ನೀರು ತಾಗಿ ಆಮ್ಲವಾಗುತ್ತಿರಬಹುದು. ಕಾಲಿಟ್ಟರೆ ಹಲಗೆಯ ಹಾಗೆ ಗಟ್ಟಿ ಸಿಗುವ ಕಡೆ ಬೇರು ಇಳಿಯುವುದಿಲ್ಲ. ಏನೂ ಬೆಳೆಯದ ಬೋಳು ತುಂಡು, ಗರಿಕೆ ಹಬ್ಬಿದ ತುಂಡು, ಬಳ್ಳಾರಿ ಜಾಲಿ ನಿಂತ ತುಂಡು, ಮೂರನ್ನೂ ಬೇರೆ ಬೇರೆ ಗುರುತು ಮಾಡಿ. ಗರಿಕೆ ತಾನಾಗಿ ಬಂದಿದ್ದರೆ ಅರ್ಧ ಕೆಲಸ ಹಗುರ.

ಹಂತ 3: ಮಣ್ಣು ಪರೀಕ್ಷೆ. ಕಾರ್ಡ್ ನೋಡಿ ನಂಬಬೇಡಿ

ಗುರುತು ಮಾಡಿದ ಪ್ರತಿ ತುಂಡಿನಲ್ಲೂ ಹತ್ತು ಕಡೆ ಅಂಕುಡೊಂಕಾಗಿ ಮಣ್ಣು ತೆಗೆಯಿರಿ. 0–15 ಸೆಂ.ಮೀ. ಬೇರೆ, 15–30 ಸೆಂ.ಮೀ. ಬೇರೆ. ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಬಿಡುತ್ತಾ ಅರ್ಧ ಕಿಲೋ ಉಳಿಸಿಕೊಳ್ಳಿ. ಸತುವು ಲೇಪಿಸಿದ ಬಕೆಟ್, ತುಕ್ಕು ಹಿಡಿದ ಕರಣೆ ಬಳಸಬೇಡಿ, ಆ ಲೋಹವೇ ಮಾದರಿಗೆ ಸೇರುತ್ತದೆ. ಮರೆಯಬಾರದ ಇನ್ನೊಂದು ಮಾತು: ದಿಬ್ಬದ ಗಾಳಿ ಬೀಸದ, ನೀರು ಹರಿಯದ ದೂರದ ಹೊಲದಿಂದಲೂ ಒಂದು ಮಾದರಿ ತೆಗೆಯಿರಿ. ಅದಿಲ್ಲದಿದ್ದರೆ ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸುತ್ತೀರಿ?

ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶಗಳಿರುತ್ತವೆ. ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತುವು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಅದರಲ್ಲಿಲ್ಲ. ಅಂದರೆ ಕಾರ್ಡ್‌ನಲ್ಲಿ ಎಲ್ಲ ಸರಿ ಇದೆ ಎಂದು ಬಂದರೂ ವಿಷ ಇಲ್ಲ ಎಂದು ಅರ್ಥವಲ್ಲ. ಈ ಲೋಹಗಳಿಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಬೇರೆಯಾಗಿ ಕೊಡಬೇಕು. "ಒಟ್ಟು ಲೋಹ ಎಷ್ಟು, ಗಿಡಕ್ಕೆ ಸಿಗುವ ರೂಪದಲ್ಲಿ ಎಷ್ಟು, ಸಲ್ಫೈಡ್ ಗಂಧಕ ಎಷ್ಟು" ಎಂದು ಮೂರನ್ನೂ ಬರೆದುಕೊಟ್ಟು ಕೇಳಿ. ಸಲ್ಫೈಡ್ ಗಂಧಕ ಎಂದರೆ ಗಾಳಿ ನೀರು ತಾಗಿ ಮುಂದೆ ಆಮ್ಲವಾಗಬಲ್ಲ ಗಂಧಕ. ಖರ್ಚು ಜಾಸ್ತಿ ಅನ್ನಿಸಿದರೆ ನಾಲ್ಕೈದು ಜನ ಅಕ್ಕಪಕ್ಕದವರು ಸೇರಿ ಮಾಡಿಸಿ.

ಹತ್ತಿರದ ಬೋರ್‌ವೆಲ್ ಅಥವಾ ಬಾವಿಯ ನೀರನ್ನೂ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ ಆರ್ಸೆನಿಕ್ 0.01 ಮಿ.ಗ್ರಾಂ, ಸೀಸ 0.01 ಮಿ.ಗ್ರಾಂ, ಸೈನೈಡ್ 0.05 ಮಿ.ಗ್ರಾಂ. ಇದನ್ನು ಮೀರಿದ್ದರೆ ಗಿಡದ ಕೆಲಸ ಪಕ್ಕಕ್ಕಿಡಿ. ಮೊದಲು ಆ ನೀರು ಕುಡಿಯುವುದನ್ನು ನಿಲ್ಲಿಸಿ.

ಪಿಎಚ್ ಅನ್ನು ನೀವೇ ನೋಡಬಹುದು. ಒಂದು ಲೋಟ ಮಣ್ಣಿಗೆ ಎರಡೂವರೆ ಲೋಟ ಬಟ್ಟಿ ಇಳಿಸಿದ ನೀರು, ಚೆನ್ನಾಗಿ ಕಲಕಿ, ಅರ್ಧ ಗಂಟೆ ಬಿಟ್ಟು ಕಾಗದ ಅದ್ದಿ.

ಎಚ್ಚರಿಕೆ: ಮಣ್ಣಿನ ಮೇಲೆ ಆಮ್ಲ ಅಥವಾ ವಿನೆಗರ್ ಸುರಿದು ನೊರೆ ಬರುತ್ತಾ ನೋಡುವ ಪರೀಕ್ಷೆಯೊಂದಿದೆ. ಚಿನ್ನದ ಗಣಿಯ ಪುಡಿಯಲ್ಲಿ ಅದನ್ನು ಮಾಡಲೇಬೇಡಿ. ಸೈನೈಡ್ ಉಳಿದಿದ್ದರೆ ಆಮ್ಲ ತಾಗಿದಾಗ ವಿಷಾನಿಲ ಏಳುತ್ತದೆ.

ಹಂತ 4: ನೆಲಕ್ಕೆ ಮೊದಲು ಕುಂಡ

ಐದು ಕುಂಡ ಸಾಕು. ಒಂದರಲ್ಲಿ ಬರೀ ದಿಬ್ಬದ ಪುಡಿ. ಎರಡನೆಯದರಲ್ಲಿ ಹತ್ತು ಪಾಲಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ. ಮೂರನೆಯದರಲ್ಲಿ ಹತ್ತಕ್ಕೆ ಎರಡು. ನಾಲ್ಕನೆಯದರಲ್ಲಿ ಹತ್ತಕ್ಕೆ ಎರಡು ಗೊಬ್ಬರ, ಜೊತೆಗೆ ಲ್ಯಾಬ್ ಹೇಳಿದ ಸುಣ್ಣ ಅಥವಾ ಜಿಪ್ಸಂ. ಐದನೆಯದರಲ್ಲಿ ದೂರದ ಹೊಲದ ಒಳ್ಳೆಯ ಮಣ್ಣು. ಎಲ್ಲಕ್ಕೂ ನೀರು ಹಾಕಿ ಎರಡು ವಾರ ಸುಮ್ನೆ ಬಿಡಿ. ಆಮೇಲೆ ಪ್ರತಿಯೊಂದಕ್ಕೂ 20 ಕಾಳು ಅಲಸಂದೆ, 20 ಕಾಳು ರಾಗಿ ಹಾಕಿ.

ನಾಲ್ಕು ವಾರ ನೋಡಿ. ಎಷ್ಟು ಮೊಳೆಯಿತು ಎಂದು ಎಣಿಸಿ. ಕೊನೆಗೆ ಕಿತ್ತು ಬೇರು ತೊಳೆದು ನೋಡಿ, ಎಲೆಗಿಂತ ಬೇರು ನಿಜ ಹೇಳುತ್ತದೆ. ಬೇರಿನ ತುದಿ ಕಂದಾಗಿ, ಮೊಂಡಾಗಿ, ಕವಲು ಒಡೆಯದೆ ನಿಂತಿದ್ದರೆ ಲೋಹ ಅಥವಾ ಆಮ್ಲದ ಪೆಟ್ಟು. ಬೇರು ಬೆಳ್ಳಗೆ ಉದ್ದಕ್ಕೆ ಇಳಿದಿದ್ದು ಎಲೆ ಮಾತ್ರ ಮಂಕಾಗಿದ್ದರೆ ಬರೀ ಹಸಿವು, ಗೊಬ್ಬರ ಸಾಕು. ಈ ಕುಂಡದಲ್ಲಿ ಬೆಳೆದದ್ದನ್ನು ಯಾರೂ ತಿನ್ನಬಾರದು, ಕೋಳಿಗೂ ಹಾಕಬಾರದು.

ಫೆಬ್ರುವರಿಯಲ್ಲಿ ಕುಂಡ ಇಟ್ಟರೆ ಏಪ್ರಿಲ್‌ಗೆ ಉತ್ತರ ಕೈಯಲ್ಲಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಕೆಲಸ, ಮಳೆಗೆ ಹುಲ್ಲು. ಈ ಒಂದು ಹಂತ ಬಿಟ್ಟು ಇಡೀ ಎಕರೆಗೆ ದುಡ್ಡು ಸುರಿದವರನ್ನು ನೋಡಿ ನನಗೆ ಬಹಳ ಬೇಸರವಾಗಿದೆ.

ಹಂತ 5: ನೀರಿಗೆ ಬೇರೆ ದಾರಿ ಮಾಡಿ

ಮೇಲಿನಿಂದ ಹೊಸ ಪುಡಿ ಇಳಿಯುತ್ತಲೇ ಇದ್ದರೆ ಕೆಳಗೆ ಎಷ್ಟು ಹದ ಮಾಡಿದರೂ ವ್ಯರ್ಥ. ನಿಮ್ಮ ನೆಲದ ಮೇಲಂಚಿನಲ್ಲಿ, ದಿಬ್ಬದ ಕಡೆಗೆ, ಒಂದು ಕಂದಕ ತೆಗೆಯಿರಿ. ಸುಮಾರು ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಕಂದಕದ ಕೊನೆಯಲ್ಲಿ ಹೂಳು ನಿಲ್ಲುವ ಗುಂಡಿ ಇರಲಿ. ಕೆಸರು ನಿಲ್ಲದೆ ನೇರವಾಗಿ ಕೆರೆಗೋ ಪಕ್ಕದವರ ಹೊಲಕ್ಕೋ ಬಿಟ್ಟರೆ ನಿಮ್ಮ ವಿಷ ಅವರದ್ದಾಗುತ್ತದೆ ಅಷ್ಟೆ. ಗುಂಡಿಯಲ್ಲಿ ನಿಂತ ಹೂಳನ್ನು ತೆಗೆದಾಗ ಮತ್ತೆ ಮೇಲ್ಬದಿಗೇ ಹಾಕಿ. ಅದು ಗೊಬ್ಬರವಲ್ಲ.

ಕೊರಕಲುಗಳಿಗೆ ಒಣಕಲ್ಲಿನ ತಡೆ ಕಟ್ಟಿ. ಎತ್ತರ ಎರಡಡಿ ಮೀರುವುದು ಬೇಡ, ನಡುಭಾಗ ಸ್ವಲ್ಪ ತಗ್ಗಿರಲಿ. ನಡುವೆ ಎತ್ತರವಾದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ.

ಇಳಿಜಾರಿದ್ದರೆ ಒಂದು ಅಡಿ ಏರಲು ಕನಿಷ್ಠ ಎರಡು ಅಡಿ ಮುಂದೆ ಹೋಗಬೇಕು. ಗಣಿ ದಿಬ್ಬಗಳ ಇಳಿಜಾರು 28 ಡಿಗ್ರಿ ಮೀರಬಾರದು ಎಂದು ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಷರತ್ತು ಹಾಕುವುದೂ ಇದಕ್ಕೇ. ಅದಕ್ಕಿಂತ ಕಡಿದಾದ ಕಡೆ ತೆಂಗಿನ ನಾರಿನ ಬಲೆ ಹಾಸಿ, ಮೊಳೆ ಹೊಡೆದು ಕೂರಿಸಿ. ತಿಪಟೂರು, ಅರಸೀಕೆರೆ ಕಡೆ ನಾರು ಸುಲಭವಾಗಿ ಸಿಗುತ್ತದೆ. ಬಲೆ ಕೆಲವು ಮಳೆಗಾಲ ತಡೆದು ಕೊಳೆತುಹೋಗುತ್ತದೆ, ಅಷ್ಟರಲ್ಲಿ ಹುಲ್ಲು ಹಿಡಿದಿರುತ್ತದೆ.

ಹಂತ 6: ಮಣ್ಣು ಹದ ಮಾಡುವುದು

ಮೊದಲ ವರ್ಷವೇ ಎಕರೆಗಟ್ಟಲೆ ಹಿಡಿಯಬೇಡಿ. ಐದು ಗುಂಟೆಯಿಂದ ಶುರುಮಾಡಿ.

ಮೊದಲು ಗಟ್ಟಿ ಪದರ ಒಡೆಯಬೇಕು. ನೆಲ ನೆನೆಸಿ, ಪಿಕಾಸಿಯಲ್ಲಿ ಒಂದಡಿ ಆಳ ಸಡಿಲಿಸಿ. ಆಮೇಲೆ ಪಿಎಚ್ ನೋಡಿ ಮುಂದಿನ ತೀರ್ಮಾನ.

ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ ಕೃಷಿ ಸುಣ್ಣ ಬೇಕು. ಎಷ್ಟು ಎಂಬುದು ಈಗಿನ ಹುಳಿಯ ಮೇಲೆ ಮಾತ್ರ ನಿಂತಿಲ್ಲ, ಮುಂದೆ ಹುಟ್ಟುವ ಹುಳಿಯ ಮೇಲೂ ನಿಂತಿದೆ. ಮಣ್ಣಿನಲ್ಲಿ 1 ಶೇಕಡಾ ಸಲ್ಫೈಡ್ ಗಂಧಕ ಇದ್ದರೆ ಟನ್ ಮಣ್ಣಿಗೆ ಸುಮಾರು 31 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಎಕರೆಯ ಮೇಲಿನ 15 ಸೆಂ.ಮೀ.ಗೆ ಅದು ಸುಮಾರು 24 ಟನ್ ಆಗುತ್ತದೆ. ಒಂದೆರಡು ಚೀಲ ಎರಚಿ "ಸುಣ್ಣ ಹಾಕಿದ್ದೀವಿ" ಎಂದರೆ ಒಂದು ಮಳೆಗಾಲ ಚೆನ್ನಾಗಿ ಕಂಡು, ಮರುವರ್ಷ ಎಲ್ಲ ಸುಟ್ಟುಹೋಗುತ್ತದೆ.

ಪಿಎಚ್ 8.5 ಮೀರಿದ್ದು ನೀರು ಇಂಗದೆ ನಿಲ್ಲುತ್ತಿದ್ದರೆ ಜಿಪ್ಸಂ. ನಡುವೆ ಇದ್ದರೆ ಎರಡೂ ಬೇಡ.

ಗೊಬ್ಬರದಲ್ಲಿ ಜಿಪುಣತನ ಬೇಡ. ನೆಲದ ಮೇಲೆ ಎರಡೂವರೆ ಸೆಂ.ಮೀ. ದಪ್ಪ ಹರಡುವಷ್ಟು, ಅಂದರೆ ಗುಂಟೆಗೆ ಸುಮಾರು ಒಂದು ಟ್ರಾಕ್ಟರ್ ಟ್ರೈಲರ್, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ 15 ಸೆಂ.ಮೀ. ಆಳಕ್ಕೆ ಬೆರೆಸಿ. ದಿಬ್ಬದ ಪುಡಿಯಲ್ಲಿ ಜೀವವಿಲ್ಲ. ಗೊಬ್ಬರವೇ ಅದಕ್ಕೆ ನೀರು ಹಿಡಿಯುವ ಗುಣ ಕೊಡುತ್ತದೆ, ಸೂಕ್ಷ್ಮಜೀವಿ ಕೊಡುತ್ತದೆ, ಸೀಸ ತಾಮ್ರಗಳನ್ನು ಅಂಟಿಸಿಕೊಂಡು ಕೂರುತ್ತದೆ. ಸಕ್ಕರೆ ಕಾರ್ಖಾನೆ ಹತ್ತಿರವಿದ್ದರೆ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಕೂಡ ಒಳ್ಳೆಯದು. ನಾಗಪುರದ ನೀರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಗುಮ್‌ಗಾಂವ್ ಮ್ಯಾಂಗನೀಸ್ ಗಣಿಯ ದಿಬ್ಬದಲ್ಲಿ ಪ್ರೆಸ್‌ಮಡ್ ಜೊತೆ ಬೇರಿಗೆ ನೆರವಾಗುವ ಮೈಕೋರೈಜಾ ಶಿಲೀಂಧ್ರ, ಸಾರಜನಕ ಕಟ್ಟುವ ಬ್ಯಾಕ್ಟೀರಿಯಾ ಸೇರಿಸಿಯೇ ಮರ ಎಬ್ಬಿಸಿದರು.

ಇಲ್ಲಿ ಆಗುವ ತಪ್ಪುಗಳು ಕೆಲವಿವೆ, ಒಂದೊಂದೂ ದುಬಾರಿ.

ಕೆರೆ ಹೂಳು ತಂದು ಹಾಕುವುದು. ಬೇರೆ ಊರಿನಲ್ಲಿ ಅದು ಬಂಗಾರ. ಆದರೆ ದಿಬ್ಬದ ಕೆಳಗಿನ ಕೆರೆಯ ಹೂಳು ಎಂದರೆ ದಿಬ್ಬದ ಪುಡಿಯೇ. ಪರೀಕ್ಷೆ ಮಾಡಿಸದೆ ಒಂದು ಬುಟ್ಟಿಯೂ ಬೇಡ. ಪೇಟೆ ಕಸದ ಗೊಬ್ಬರಕ್ಕೂ ಇದೇ ಮಾತು. ಅದರಲ್ಲಿ ಸೀಸ ಕಿಲೋಗೆ 100 ಮಿ.ಗ್ರಾಂ ಮೀರಬಾರದು ಎಂದು ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ. ಪರೀಕ್ಷೆಯ ಚೀಟಿ ಕೇಳಿ ಪಡೆಯಿರಿ.

ಆರ್ಸೆನಿಕ್ ಇರುವ ನೆಲಕ್ಕೆ ಡಿಎಪಿ, ಸೂಪರ್ ಫಾಸ್ಫೇಟ್ ಸುರಿಯುವುದು. ರಂಜಕವೂ ಆರ್ಸೆನಿಕ್ಕೂ ಮಣ್ಣಿನ ಕಣದ ಮೇಲೆ ಒಂದೇ ಜಾಗಕ್ಕೆ ಜಗಳವಾಡುತ್ತವೆ. ರಂಜಕ ಹೋಗಿ ಕೂತರೆ ಆರ್ಸೆನಿಕ್ ಎದ್ದು ನೀರಿಗೆ ಸೇರುತ್ತದೆ. ಸೀಸ ಮಾತ್ರ ಇದ್ದರೆ ರಂಜಕ ಅದನ್ನು ಕಟ್ಟಿಹಾಕುತ್ತದೆ, ಒಳ್ಳೆಯದೇ. ಎರಡೂ ಇದ್ದರೆ ಬೇಡ. ಆರ್ಸೆನಿಕ್ ಇದ್ದಲ್ಲಿ ಅತಿಯಾದ ಸುಣ್ಣವೂ ಅದನ್ನು ಸಡಿಲಿಸುತ್ತದೆ, ಪಿಎಚ್ 6.5ರ ಹತ್ತಿರ ನಿಲ್ಲಿಸಿ. ಲ್ಯಾಬ್ ವರದಿ ಇಲ್ಲದೆ ಮುಂದೆ ಹೋಗಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು, ಬೇಗ ಹೀರಲಿ ಎಂದು ಇಡಿಟಿಎ ರಾಸಾಯನಿಕ ಸುರಿಯುವ ಸಲಹೆ. ಲೋಹ ಕರಗುತ್ತದೆ, ನಿಜ. ಗಿಡ ಕುಡಿಯುವ ಮೊದಲೇ ಮಳೆ ಅದನ್ನು ಬೋರ್‌ವೆಲ್‌ಗೆ ಇಳಿಸುತ್ತದೆ.

ಕುಂಡದಲ್ಲಿ ಯಾವ ಮಿಶ್ರಣದಲ್ಲೂ ಏನೂ ಬದುಕದಿದ್ದರೆ ಆ ತುಂಡಿಗೆ ಹೊದಿಕೆ ಒಂದೇ ದಾರಿ. ಮೊದಲು ಅರ್ಧ ಅಡಿ ಜಲ್ಲಿ, ಅದರ ಮೇಲೆ ಒಂದಡಿ ಒಳ್ಳೆಯ ಮಣ್ಣು. ಜಲ್ಲಿ ಬಿಟ್ಟು ಬರೀ ಮಣ್ಣು ಹೊದಿಸಿದರೆ ಬೇಸಿಗೆಯಲ್ಲಿ ಉಪ್ಪು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲಕ್ಕೆ ಏರುತ್ತದೆ.

ಹದ ಮಾಡಿದ ಮೇಲೆ ಕನಿಷ್ಠ ಮೂರು ವಾರ ಬಿಡಿ. ಒಂದೆರಡು ಮಳೆ ಬೀಳಲಿ.

ಹಂತ 7: ಮೊದಲ ಮಳೆಗೆ ಹುಲ್ಲು

ಇಲ್ಲಿ ನನ್ನ ಮೊದಲ ಆಯ್ಕೆ ಲಾವಂಚ. ಅದರ ಬೇರು ಮೂರು ಮೀಟರ್ ತನಕ ನೇರ ಕೆಳಗಿಳಿಯುತ್ತದೆ. ಹುಳಿ, ಉಪ್ಪು, ಲೋಹ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಹೀರಿದ ಲೋಹದ ಹೆಚ್ಚಿನ ಪಾಲು ಬೇರಿನಲ್ಲೇ ಉಳಿಯುತ್ತದೆ, ಎಲೆಗೆ ಏರುವುದು ಕಡಿಮೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ತಲೆಮಾರುಗಳಿಂದ ಇದನ್ನೇ ನೆಡುತ್ತಾ ಬಂದಿದ್ದಾರೆ. ನೆಡುವ ಮುನ್ನ ಬೀಜದಿಂದ ಹರಡದ, ಬುಡ ಒಡೆದು ನೆಡುವ ತಳಿಯೇ ಎಂದು ಕೇಳಿಕೊಳ್ಳಿ.

ಬುಡ ಒಡೆದು ಎರಡು ಮೂರು ಕಡ್ಡಿಯ ಹಿಡಿ ಮಾಡಿ. ಎಲೆ 20 ಸೆಂ.ಮೀ., ಬೇರು 10 ಸೆಂ.ಮೀ. ಬಿಟ್ಟು ಕತ್ತರಿಸಿ. ಸಗಣಿ ಬಗ್ಗಡದಲ್ಲಿ ಅದ್ದಿ, ಚೌಕಟ್ಟಿನಿಂದ ಗುರುತಿಸಿದ ಸಮಮಟ್ಟದ ಗೆರೆಯಲ್ಲಿ 15 ಸೆಂ.ಮೀ.ಗೆ ಒಂದರಂತೆ ನೆಡಿ. ನೂರು ಮೀಟರ್ ಸಾಲಿಗೆ ಸುಮಾರು 670 ಹಿಡಿ ಬೇಕು, ನೂರು ಜಾಸ್ತಿಯೇ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಪ್ರತಿ ಒಂದು ಮೀಟರ್ ಇಳಿತಕ್ಕೆ ಒಂದು ಸಾಲು, ಮಟ್ಟದ ನೆಲದಲ್ಲಿ ಅಷ್ಟು ಒತ್ತಾಗಿ ಬೇಡ.

ಸಾಲಿನಲ್ಲಿ ಒಂದು ಹಿಡಿ ಸತ್ತರೂ ಆ ಸಂದಿಯಿಂದ ನೀರು ನುಗ್ಗಿ ಕೊರಕಲು ಮಾಡುತ್ತದೆ. ಒಂದು ತಿಂಗಳೊಳಗೆ ಸಂದಿ ತುಂಬಿ. ಮೂರನೇ ತಿಂಗಳಿಗೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಬುಡ ದಪ್ಪವಾಗುತ್ತದೆ.

ಸಾಲುಗಳ ನಡುವೆ ಗರಿಕೆಯ ತುಂಡು, ಅಪ್ಸೆಣಬು ಬಿತ್ತಿ. ಅಪ್ಸೆಣಬು ಹೂ ಬರುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿ. ಸ್ಟೈಲೋ, ನೇಪಿಯರ್, ಸುಬಾಬುಲ್, ಅಗಸೆ ಮರ ಬೇಡವೇ ಬೇಡ. ಬೇಗ ಬೆಳೆಯುತ್ತವೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವು ದನ ಇಷ್ಟಪಡುವ ಮೇವು. ವಿಷದ ನೆಲದಲ್ಲಿ ಮೇವು ಬೆಳೆಸಿದರೆ ಅದು ಹಾಲಿನ ದಾರಿ ಹಿಡಿದು ಮನೆಗೆ ಬರುತ್ತದೆ, ಅಲ್ವಾ?

ಎಚ್ಚರಿಕೆ: ನಮ್ಮ ಮನೆಗಳಲ್ಲಿ ಕುಡಿಯುವ ನೀರಿನ ಬಿಂದಿಗೆಗೆ ಲಾವಂಚದ ಬೇರು ಹಾಕುವ ಅಭ್ಯಾಸವಿದೆ. ಈ ನೆಲದ ಬೇರನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ವಿಷ ಶೇಖರವಾಗಿರುವುದೇ ಆ ಬೇರಿನಲ್ಲಿ.

ಹಂತ 8: ಎರಡನೇ ವರ್ಷ ಪೊದೆ ಮತ್ತು ಮರ

ಮೊದಲ ಬೇಸಿಗೆಯನ್ನು ಹುಲ್ಲು ದಾಟಿದರೆ ಮಾತ್ರ ಮುಂದೆ ಹೋಗಿ. ಅರ್ಧಕ್ಕಿಂತ ಜಾಸ್ತಿ ನೆಲ ಇನ್ನೂ ಬೋಳಾಗಿದ್ದರೆ ಆರನೇ ಹಂತಕ್ಕೆ ವಾಪಸ್ಸಾಗಿ.

ದನ, ಮೇಕೆ ಅಷ್ಟಾಗಿ ಮುಟ್ಟದ ಗಿಡವನ್ನೇ ಆರಿಸಿ. ಪೊದೆಗೆ ತಂಗಡಿ, ಬಂದರಿಕೆ. ಬಂದರಿಕೆ ಕಲ್ಲುಗುಡ್ಡದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡ. ಮರಕ್ಕೆ ಹೊಂಗೆ, ಅದು ಸಾರಜನಕ ಕಟ್ಟುತ್ತದೆ, ದನ ಅಷ್ಟಾಗಿ ತಿನ್ನುವುದಿಲ್ಲ. ದಿಬ್ಬದ ಕಡೆಯ ಅಂಚಿಗೆ ಗಾಳಿ ತಡೆಯಲು ಎರಡು ಸಾಲು ಸರ್ವೆ. ಒಳಗೆ ಅಲ್ಲೊಂದು ಇಲ್ಲೊಂದು ಬೇವು. ಒಂದೇ ಜಾತಿ ತುಂಬಬೇಡಿ.

ಮಾವು, ಹುಣಸೆ, ನೇರಳೆ, ಸೀಬೆ ಬೇಡ. ಹಣ್ಣು ಬಿಟ್ಟರೆ ಮಕ್ಕಳು ಬರುತ್ತಾರೆ.

ಬಳ್ಳಾರಿ ಜಾಲಿಯ ಬಗ್ಗೆ ಜಗಳವೇ ನಡೆಯುತ್ತದೆ. ಹೊಸದಾಗಿ ನೆಡಬೇಡಿ, ಅದು ಪಕ್ಕದ ಹೊಲಗಳನ್ನೂ ನುಂಗುತ್ತದೆ, ಕಾಯಿಗೆ ಮೇಕೆ ಬರುತ್ತವೆ. ಆದರೆ ಈಗಾಗಲೇ ನಿಂತಿರುವುದನ್ನು ಒಂದೇ ಏಟಿಗೆ ಕಿತ್ತುಹಾಕಲೂ ಬೇಡಿ. ಇವತ್ತು ದೂಳು ಹಿಡಿದಿರುವುದು ಅದೊಂದೇ ಇರಬಹುದು. ನಿಮ್ಮ ಹೊಂಗೆ ಆಳೆತ್ತರ ಬಂದ ಮೇಲೆ ಸಾಲು ಸಾಲಾಗಿ ತೆಗೆಯಿರಿ.

ಗುಂಡಿ 45 ಸೆಂ.ಮೀ. ಉದ್ದ, ಅಗಲ, ಆಳ ಇದ್ದರೆ ಸಾಕು. ಗುಂಡಿಗೆ ಬರೀ ಕೆಂಪುಮಣ್ಣು ಗೊಬ್ಬರ ತುಂಬುವುದೇ ಸಸಿ ಸಾಯಲು ದೊಡ್ಡ ಕಾರಣ. ಬೇರು ಆ ಒಳ್ಳೆಯ ಮಣ್ಣಿನೊಳಗೇ ಸುತ್ತುತ್ತದೆ, ಗೋಡೆಯ ಪುಡಿ ತಾಗಿದ ಕೂಡಲೇ ನಿಂತುಬಿಡುತ್ತದೆ. ಮಳೆಗಾಲ ಮುಗಿದು ಗುಂಡಿಯ ತೇವ ಆರಿದಾಗ ಗಿಡ ಒಣಗುತ್ತದೆ. ಡಿಸೆಂಬರ್‌ನ ಕಥೆ ಇದೇ. ಅಗೆದ ಪುಡಿಯನ್ನೇ ಅರ್ಧ ಪಾಲು ಗೊಬ್ಬರದ ಜೊತೆ ಬೆರೆಸಿ ತುಂಬಿ. ಗುಂಡಿಯ ಗೋಡೆಯನ್ನು ಹಾರೆಯಿಂದ ಗೀರಿ ಒರಟು ಮಾಡಿ.

ದೊಡ್ಡ ಸಸಿ ಬೇಡ. ಒಂದರಿಂದ ಒಂದೂವರೆ ಅಡಿಯದು, ನರ್ಸರಿಯ ನೆರಳಿನಿಂದ ಹೊರಗೆ ಬಿಸಿಲಿನಲ್ಲಿ ಒಂದು ತಿಂಗಳು ಇಟ್ಟದ್ದು. ಕೋಲಾರದ ಕಡೆ ಹದವಾದ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹುಲ್ಲನ್ನು ಜೂನ್, ಜುಲೈನಲ್ಲಿ ನೆಟ್ಟರೂ ಸಸಿಯನ್ನು ಆಗಸ್ಟ್ ಕೊನೆಗೆ ನೆಡುವುದು ಒಳ್ಳೆಯದು.

ಹಂತ 9: ಬೇಲಿ, ಕಾವಲು, ಕತ್ತರಿಸಿದ ಸೊಪ್ಪು

ಬೇಲಿಗೆ ಕತ್ತಾಳೆ ಸಾಕು. ಬೋರ್ಡ್ ಒಂದು ಹಾಕಿ, ಆದರೆ ಬೋರ್ಡಿಗಿಂತ ಮಾತು ಮುಖ್ಯ. ಮಳೆ ಬಿದ್ದ ಮೇಲೆ ನಮ್ಮ ಕಡೆ ಅಜ್ಜಿಯರು, ಅಮ್ಮಂದಿರು ಹೊಲದಂಚಿನಲ್ಲಿ ಬೆರಕೆ ಸೊಪ್ಪು ಕೀಳಲು ಬರುತ್ತಾರೆ. ಅವರ ಮನೆಗೇ ಹೋಗಿ ಹೇಳಿ: ಈ ತುಂಡಿನಲ್ಲಿ ಕೀಳಬೇಡಿ ಅಮ್ಮ, ಎಷ್ಟು ತೊಳೆದರೂ ಹೋಗುವುದಿಲ್ಲ. ಬೇವಿನ ಕಡ್ಡಿ, ಸೌದೆ, ಹೊಂಗೆ ಸೊಪ್ಪು ಯಾವುದೂ ಇಲ್ಲಿಂದ ಹೊರಗೆ ಹೋಗಬಾರದು. ಹೊಂಗೆ ಸೊಪ್ಪನ್ನು ರಾಗಿ ಹೊಲಕ್ಕೆ ಹಾಕುವ ರೂಢಿ ಇದೆಯಲ್ಲ, ಅದನ್ನೂ ತಪ್ಪಿಸಬೇಕು.

ಕತ್ತರಿಸಿದ ಹುಲ್ಲು ಸೊಪ್ಪನ್ನು ಅದೇ ನೆಲಕ್ಕೆ ಹೊದಿಕೆಯಾಗಿ ಹಾಸಿ. ಸುಡಬೇಡಿ, ಬೂದಿಯಲ್ಲಿ ಲೋಹ ಇನ್ನೂ ಗಟ್ಟಿಯಾಗಿ ಉಳಿಯುತ್ತದೆ, ಆರ್ಸೆನಿಕ್ ಹೊಗೆಯಲ್ಲೂ ಏಳುತ್ತದೆ. ಯಾರಾದರೂ ಜರಿಗಿಡದಂಥ ಹೀರುವ ಗಿಡ ಬೆಳೆಸಿದ್ದರೆ ಅದರ ಎಲೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ನೋಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಬರೆದು, ದಾಬಸ್‌ಪೇಟೆಯಲ್ಲಿರುವಂಥ ವಿಲೇವಾರಿ ಕೇಂದ್ರಕ್ಕೆ ಕಳಿಸುವ ದಾರಿ ಕೇಳಬೇಕು.

ಪೂರ್ತಿ ಬೀಳು ಬಿಡಲು ಆಗುವುದಿಲ್ಲ, ಮನೆ ನಡೆಯಬೇಕು ಎನ್ನುವವರ ಕಷ್ಟ ನನಗೆ ಗೊತ್ತು. ಲೋಹ ಕಡಿಮೆ ಇರುವ ತುಂಡಿನಲ್ಲಿ ನಿಂಬೆಹುಲ್ಲು ಹಾಕಬಹುದು. ಹಬೆಯಲ್ಲಿ ಎಣ್ಣೆ ಇಳಿಸಿದಾಗ ಲೋಹ ಹುಲ್ಲಿನಲ್ಲೇ ಉಳಿಯುತ್ತದೆ. ಆದರೂ ಎಣ್ಣೆಯನ್ನು ಮಾರುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ಸೊಪ್ಪು, ಮೂಲಂಗಿ, ಕ್ಯಾರೆಟ್, ಭತ್ತ ಹಾಕಬೇಡಿ. ನೀರು ನಿಲ್ಲಿಸಿದ ಗದ್ದೆಯಲ್ಲಿ ಭತ್ತ ಆರ್ಸೆನಿಕ್ ಅನ್ನು ಬೇರೆ ಕಾಳುಗಳಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ.

ಗಿಡ ಕೊಡುವ ಸೂಚನೆಗಳು

ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಪಿಎಚ್ ತುಂಬ ಏರಿದೆ, ಇಲ್ಲವೇ ಸತುವು, ತಾಮ್ರ, ನಿಕ್ಕಲ್ ಜಾಸ್ತಿಯಾಗಿದೆ. ಹಳೆಯ ಎಲೆ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ. ಎಲೆಯಂಚು ಸುಟ್ಟ ಹಾಗಿದ್ದರೆ ಉಪ್ಪು, ಲ್ಯಾಬ್ ವರದಿಯಲ್ಲಿ ಲವಣಾಂಶ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದೆಯೇ ನೋಡಿ.

ಕಳೆದ ವರ್ಷ ಚೆನ್ನಾಗಿದ್ದ ಜಾಗದಲ್ಲಿ ಗುಂಡಗೆ ಬೋಳು ತೇಪೆ ಬಿದ್ದರೆ ತಡ ಮಾಡಬೇಡಿ. ಅದೇ ದಿನ ಪಿಎಚ್ ನೋಡಿ. ಒಳಗಿನ ಗಂಧಕ ಈಗ ಆಮ್ಲವಾಗಲು ಶುರುವಾಗಿರುತ್ತದೆ. ಹೊಸ ಸಸಿ ನೆಟ್ಟು ಅದನ್ನು ಮುಚ್ಚಲು ಆಗುವುದಿಲ್ಲ, ಸುಣ್ಣವೇ ಬೇಕು. ಕಂದಕದ ಹೊರನೀರು ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದರೂ ಹಾಗೆಯೇ.

ಬೇರೆ ಗಣಿಗಳ ಪಕ್ಕದವರಿಗೆ

ಸಂಡೂರು, ಹೊಸಪೇಟೆ ಕಡೆ ಕಬ್ಬಿಣದ ಅದಿರಿನ ಹೂಳಿನಲ್ಲಿ ವಿಷಕ್ಕಿಂತ ದೊಡ್ಡ ತೊಂದರೆ ಪೊರೆಗಟ್ಟುವುದು, ಕೊಚ್ಚಿಬರುವುದು. ಅಲ್ಲಿ ಐದನೇ ಹಂತಕ್ಕೆ ಹೆಚ್ಚು ದುಡ್ಡು ಹಾಕಿ. ಹೂಳು ಮೂರ್ನಾಲ್ಕು ಇಂಚಿಗಿಂತ ಕಡಿಮೆ ಇದ್ದರೆ ಕೆರೆದು ತೆಗೆಯುವುದೇ ಅಗ್ಗ. ಮ್ಯಾಂಗನೀಸ್ ಪರೀಕ್ಷೆ ಮಾತ್ರ ಬಿಡಬೇಡಿ.

ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿ. ಅದು ಗಂಧಕದ ಅದಿರು, ಹಾಗಾಗಿ ಸುಣ್ಣದ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪಿದ ಹಾಗೆ. ಕುಂಡದ ಪರೀಕ್ಷೆಯನ್ನು ನಾಲ್ಕು ವಾರಕ್ಕೆ ನಿಲ್ಲಿಸಬೇಡಿ, ಮೂರು ತಿಂಗಳು ನಡೆಸಿ.

ಹಾಸನ ಜಿಲ್ಲೆಯ ಬೈರಾಪುರ, ನುಗ್ಗೇಹಳ್ಳಿ ಕಡೆ ಕ್ರೋಮೈಟ್ ಗಣಿಗಳ ನೆಲದಲ್ಲಿ ಕ್ರೋಮಿಯಂ, ನಿಕ್ಕಲ್ ನೋಡಿಸಿ. ಅಂಥ ಕಲ್ಲಿನ ಮಣ್ಣಿನಲ್ಲಿ ಮೆಗ್ನೀಸಿಯಂ ಜಾಸ್ತಿ, ಸುಣ್ಣದಂಶ ಕಡಿಮೆ. ಪಿಎಚ್ ಸರಿ ಇದ್ದರೂ ಗಿಡ ಕುಂಟುತ್ತದೆ. ಅಲ್ಲಿ ಜಿಪ್ಸಂ ಕೆಲಸ ಮಾಡುತ್ತದೆ. ಡಾಲೊಮೈಟ್ ಸುಣ್ಣ ಹಾಕಬೇಡಿ, ಅದರಲ್ಲಿರುವುದೂ ಮೆಗ್ನೀಸಿಯಮ್ಮೇ.

ಎಲ್ಲ ಕಡೆಯವರೂ ಮೂರನೇ ವರ್ಷದ ಕೊನೆಗೆ, ಫೆಬ್ರುವರಿಯಲ್ಲಿ, ಮೊದಲ ವರ್ಷ ತೆಗೆದ ಜಾಗಗಳಿಂದಲೇ ಮತ್ತೆ ಮಣ್ಣು ತೆಗೆದು ಪರೀಕ್ಷೆಗೆ ಕೊಡಿ. ಜೊತೆಗೆ ಲಾವಂಚ, ಹೊಂಗೆ, ತಂಗಡಿಯ ಎಲೆಗಳನ್ನೂ ತೊಳೆದು ಒಣಗಿಸಿ ಕೊಡಿ. ಮಣ್ಣಿನ ಒಟ್ಟು ಲೋಹದ ಅಂಕಿ ಇಳಿದಿರುವುದಿಲ್ಲ, ಗಾಬರಿಯಾಗಬೇಡಿ. ಇಳಿದಿರಬೇಕಾದದ್ದು ಗಿಡಕ್ಕೆ ಸಿಗುವ ರೂಪದ ಅಂಕಿ. ಎಲೆಯ ಅಂಕಿ ದೂರದ ಹೊಲದ ಅದೇ ಗಿಡದ ಎಲೆಯ ಹತ್ತಿರಕ್ಕೆ ಬಂದಿದ್ದರೆ ಮುಂದಿನ ಐದು ಗುಂಟೆಗೆ ಕಂದಕದ ಗೆರೆ ಹಾಕಿ.